ನಲವತ್ತಮೂರರಲ್ಲಿ ಒಂದು

ಮಾರ್ಚ್ 4, 2003, ಮಂಗಳವಾರ
ಫಾರ್ಮರ್ಸ್ ಬ್ರಾಂಚ್, ಟೆಕ್ಸಸ್

ನಿನ್ನೆಯ ಪುಟ ಹರಿದು ಹಾಕಿದೆ. ಬರೀ ಗೋಳು. ಗೋಳು ಬರೆಯುವುದಕ್ಕೆ ಅಪ್ಪ ನನಗೆ ಅಕ್ಷರ ಕಲಿಸಲಿಲ್ಲ.

ಇವತ್ತು ಲೈಬ್ರರಿಯಲ್ಲಿ ಮೊದಲ ದಿನ. ಸಂಬಳವಿಲ್ಲದ ಕೆಲಸ. ನನ್ನ ವೀಸಾದವರು ಸಂಬಳಕ್ಕೆ ದುಡಿಯುವಂತಿಲ್ಲ, ಪುಕ್ಕಟೆ ದುಡಿದರೆ ಯಾರದೂ ಅಭ್ಯಂತರವಿಲ್ಲ. ನಮ್ಮೂರು ಉತ್ತರಕ್ಕೆ, ಲೈಬ್ರರಿ ಇರುವುದು ಡಾಲಸ್‌ನ ದಕ್ಷಿಣ ತುದಿಯಲ್ಲಿ. ಫ್ರೀವೇ ಹತ್ತಲು ಧೈರ್ಯವಾಗದೆ ಊರೊಳಗಿನ ರಸ್ತೆಗಳಲ್ಲೇ, ಸಿಕ್ಕ ಸಿಗ್ನಲ್ಲಿಗೆಲ್ಲ ನಿಂತು ಹೋದೆ. ಒಂದೂವರೆ ಗಂಟೆ ಹಿಡಿಯಿತು.

ಅಲ್ಲಿನ ಉಸ್ತುವಾರಿ ಡೆನೀಸ್, ನಿಮಗೇನು ಬರುತ್ತದೆ ಎಂದು ಕೇಳಿದಳು. ಸ್ಕೋರ್ ಬರೆಯಲು ಬರುತ್ತದೆ ಎಂದೆ. ಸುಳ್ಳಲ್ಲ. ಹುಬ್ಬಳ್ಳಿಯ ರೈಲ್ವೆ ಮೈದಾನದಲ್ಲಿ ಅಪ್ಪ ಸಿದ್ರಾಮಪ್ಪನವರ ಪಕ್ಕ ಕೂತು ಹನ್ನೆರಡು ವರ್ಷ ಕ್ರಿಕೆಟ್ ಸ್ಕೋರ್ ಬರೆದಿದ್ದೇನೆ. ಬ್ಯಾಟ್ಸ್‌ಮನ್ನರ ರನ್ನು ಒಂದು ಕಡೆ, ಬೌಲರುಗಳು ಕೊಟ್ಟದ್ದು ಇನ್ನೊಂದು ಕಡೆ, ಸಂಜೆಗೆ ಎರಡೂ ತಾಳೆಯಾಗಬೇಕು. ಆಗದಿದ್ದರೆ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲ, ನನ್ನನ್ನೂ ಏಳಗೊಡುತ್ತಿರಲಿಲ್ಲ. ತಪ್ಪು ಬರೆದರೆ ರಬ್ಬರ್ ಮುಟ್ಟುವಂತಿಲ್ಲ. ಕೆಳಗಿನದು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ನನ್ನ ಪುಸ್ತಕಗಳಲ್ಲಿ ಅಂಥ ಗೆರೆ ಬಹಳ ಕಡಿಮೆ.

ಡೆನೀಸ್‌ಗೆ ಕ್ರಿಕೆಟ್ ಗೊತ್ತಿಲ್ಲ. ಆದರೂ ಮುಖ ಅರಳಿತು. ಮುಂದಿನ ವಾರ ಒಬ್ಬರನ್ನು ಪರಿಚಯಿಸುತ್ತೇನೆ ಎಂದಳು.

ಮನೆಗೆ ಬಂದರೆ ಕಮಲವ್ವ ಆಂಟಿಯ ಫೋನ್. ಬಿಜಾಪುರದವರು, ಪ್ಲೇನೋದಲ್ಲಿ ಮನೆ. ಕನ್ನಡ ಸಂಘದಲ್ಲಿ ಅವರ ಕಿವಿಗೆ ಬೀಳದ ಸುದ್ದಿ ಸುದ್ದಿಯೇ ಅಲ್ಲ. “ಭೀಮಸೇನ ಎಲ್ಲಿ ಅದಾನವಾ? ಎರಡು ತಿಂಗಳಾತು, ಮಾರಿ ಕಂಡಿಲ್ಲ” ಎಂದರು. ಪ್ರಮೋಷನ್ ಆಗ್ಯದ ಆಂಟಿ, ಪುರುಸೊತ್ತಿಲ್ಲ ಅವರಿಗೆ ಎಂದುಬಿಟ್ಟೆ.

ಆಗಿದ್ದು ಪ್ರಮೋಷನ್ ಅಲ್ಲ. ನನ್ನವರು ಇರುವುದು ದ ವುಡ್‌ಲ್ಯಾಂಡ್ಸ್‌ನಲ್ಲಿ, ಹ್ಯೂಸ್ಟನ್ನಿನ ಮಗ್ಗುಲಲ್ಲಿ, ಇಲ್ಲಿಂದ ನಾಲ್ಕು ಗಂಟೆ ದಾರಿ. ಒಂದು ಗ್ಯಾಸ್ ಕಂಪನಿಯ ಬಿಲ್ಲಿನ ಕೆಲಸ. ವಾರವೆಲ್ಲ ಅಲ್ಲಿ, ಶುಕ್ರವಾರ ಸಂಜೆ ಇಲ್ಲಿ. ಜನವರಿಯಲ್ಲಿ ಒಂದು ಶುಕ್ರವಾರ ಎಂದಿಗಿಂತ ಬೇಗ ಬಂದರು. ಬಾಣಲೆಯಿಂದ ತೆಗೆತೆಗೆದ ಹಾಗೆ ಮಿರ್ಚಿ ಭಜಿ ತಿಂದೆವು, ನಕ್ಕೆವು. ಸೋಮವಾರ ಗೊತ್ತಾಯಿತು, ಅವರು ಕಂಪ್ಯೂಟರಿನಲ್ಲಿ ಬಿಲ್ಲುಗಳ ಒಂದೇ ಫೈಲನ್ನು ಎರಡು ಸಲ ಓಡಿಸಿದ್ದರು. ನಲವತ್ತು ಸಾವಿರ ಮನೆಗಳಿಗೆ ಎರಡೆರಡು ಬಿಲ್. ಟಿವಿಯಲ್ಲೂ ಬಂತು. ಕೆಲಸದಿಂದ ತೆಗೆಯಲಿಲ್ಲ, ತಂಡದಿಂದ ತೆಗೆದು ಒಂದು ಮೂಲೆಯಲ್ಲಿ ಕೂರಿಸಿದರು. ಆಮೇಲೆ ಮನೆಗೆ ಬಂದದ್ದು ಮೂರೇ ಸಲ.

ಅವರ ಮಾನ ಉಳಿಸಿದೆ ಅಷ್ಟೇ. ಹೆಂಡತಿಯಾದವಳು ಮಾಡಬೇಕಾದ್ದು ಅದು.


ಮಾರ್ಚ್ 11, ಮಂಗಳವಾರ

ಮಿಸ್ಟರ್ ಕ್ಲಿಯೋಟಿಸ್ ಬ್ಯಾರೋ. ಎಂಬತ್ತೆರಡು ವಯಸ್ಸು. ಎತ್ತರದ ಕಪ್ಪು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಟೋಪಿ ತೊಡೆಯ ಮೇಲೆ. ಕಣ್ಣಿನ ನಡುಭಾಗ ಮಂಜಾಗಿದೆಯಂತೆ, ಅಂಚಿನಲ್ಲಷ್ಟೇ ಕಾಣುತ್ತದೆ. ನನ್ನ ಮುಖ ಕಾಣಬೇಕೆಂದರೆ ನನ್ನ ಕಿವಿಯ ಕಡೆ ನೋಡುತ್ತಾರೆ.

ಅವರು ಬೇಸ್‌ಬಾಲ್ ಆಡಿ ಹೊಟ್ಟೆ ಹೊರೆದವರು. ಆಗ ಬಿಳಿಯರ ಲೀಗ್ ಬೇರೆ, ಕಪ್ಪು ಜನರ ಲೀಗ್ ಬೇರೆ. ಇವರ ಆಟದ ಸ್ಕೋರನ್ನು ಊರಿನ ದೊಡ್ಡ ಪತ್ರಿಕೆಗಳು ಹಾಕುತ್ತಿರಲಿಲ್ಲವಂತೆ. ಹಾಕಿದ್ದು ಕಪ್ಪು ಜನರ ವಾರಪತ್ರಿಕೆಗಳು. ಅವೀಗ ಮೈಕ್ರೋಫಿಲ್ಮಿನ ಸುರುಳಿಗಳಾಗಿ ಲೈಬ್ರರಿಯಲ್ಲಿವೆ. ನಾನು ಯಂತ್ರ ತಿರುಗಿಸಿ ಅವರ ಆಟಗಳನ್ನು ಹುಡುಕಿ ಬರೆದುಕೊಳ್ಳಬೇಕು. ಅವರು ಆಡುತ್ತಿದ್ದ ಟ್ರಿನಿಟಿ ಬ್ಲೂಸ್ ತಂಡದ ಹಳೆಯ ಮೈದಾನದಲ್ಲಿ ಒಂದು ಗೋಡೆ ಕಟ್ಟಿ ಆಟಗಾರರ ಹೆಸರು ಕೆತ್ತಿಸುತ್ತಿದ್ದಾರೆ. ಜೂನ್ ಹತ್ತೊಂಬತ್ತರಂದು ಅದರ ಉದ್ಘಾಟನೆ. ಟೆಕ್ಸಸ್‌ನ ಗುಲಾಮರಿಗೆ ಬಿಡುಗಡೆಯ ಸುದ್ದಿ ಮುಟ್ಟಿದ ದಿನವಂತೆ ಅದು, ಇವರಿಗೆ ದೊಡ್ಡ ಹಬ್ಬ.

ಎರಡು ಗಂಟೆಯಲ್ಲಿ ಒಂಬತ್ತು ಆಟ ಬರೆದೆ. ಅಚ್ಚುಕಟ್ಟು. ಓದಿ ಹೇಳಿದಾಗ ಅವರು ಕೇಳಿದರು:

“ತಪ್ಪುಗಳು ಎಲ್ಲಿ?”

ಪ್ರತಿ ಪಟ್ಟಿಯಲ್ಲೂ ಕೊನೆಗೊಂದು ಅಂಕಣವಿತ್ತು. ಕೈಗೆ ಬಂದ ಚೆಂಡನ್ನು ಬಿಟ್ಟರೆ, ಎಸೆಯುವುದು ಕೆಟ್ಟರೆ, ಅವನ ಹೆಸರಿನ ಮುಂದೆ ಬರೆಯುವ ಅಂಕಣ. ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. ನಮ್ಮ ಕ್ರಿಕೆಟ್ ಪುಸ್ತಕದಲ್ಲಿ ಕ್ಯಾಚ್ ಬಿಟ್ಟವನ ಹೆಸರು ಬರೆಯುವ ಜಾಗವೇ ಇಲ್ಲ, ಬೇಡದ್ದೆಂದುಕೊಂಡೆ.

“ನಿಮ್ಮ ಆಟದಲ್ಲಿ ಯಾರೂ ಚೆಂಡು ಬಿಡೋದಿಲ್ವಾ?”

“ಬಿಡ್ತಾರೆ. ಬರೆಯೋದಿಲ್ಲ.”

“ಮತ್ತೆ ಏನು ಮಾಡ್ತೀರಿ?”

“ಊರೆಲ್ಲ ಬೈತಾರೆ, ವರ್ಷಗಟ್ಟಲೆ.”

ಅವರು ತುಂಬ ಹೊತ್ತು ನಕ್ಕರು. ಆಮೇಲೆ ನಗುವುದು ನಿಲ್ಲಿಸಿ, “ಬರೆಯೋದೇ ವಾಸಿ, ಸ್ಕೋರರ್” ಎಂದರು. ಒಂಬತ್ತೂ ಆಟಗಳನ್ನು ಮತ್ತೆ ತಿರುಗಿಸಬೇಕಾಯಿತು. ನನಗೆ ಸಿಟ್ಟು ಬಂತು, ನನ್ನ ಮೇಲೆಯೇ.


ಮಾರ್ಚ್ 18, ಮಂಗಳವಾರ

ಡೆನೀಸ್ ಕಾಫಿ ಕೊಡುವಾಗ ಮೆಲ್ಲಗೆ ಹೇಳಿದಳು. ಗೋಡೆಯ ಸಮಿತಿಯಲ್ಲಿ ಏಳು ಜನ. ಬ್ಯಾರೋ ಅವರ ಹೆಸರು ಹಾಕುವುದಕ್ಕೆ ಕೆಲವರ ಒಪ್ಪಿಗೆ ಇಲ್ಲ. ಅವರು ಹಣ ತಿಂದು ಆಟ ಸೋತವರು ಎಂಬ ಮಾತು ಐವತ್ತಾರು ವರ್ಷದಿಂದ ಇದೆ. ಮೇ ಕೊನೆಯೊಳಗೆ ಏನಾದರೂ ದಾಖಲೆ ಕೊಟ್ಟರೆ ಹೆಸರು ಬೀಳುತ್ತದೆ, ಇಲ್ಲದಿದ್ದರೆ ಇಲ್ಲ.

ಮಿಸ್ಟರ್ ಬ್ಯಾರೋ ಅವರನ್ನು ನಾನು ಕೇಳಲಿಲ್ಲ. ಅವರೇ ಹೇಳಿದರು, ಹವಾಮಾನದ ವಿಷಯ ಹೇಳಿದ ಹಾಗೆ.

1946ರಲ್ಲಿ ಅವರ ಮುಖ ಒಂದು ವಿಮಾ ಕಂಪನಿಯ ಕ್ಯಾಲೆಂಡರಿನಲ್ಲಿತ್ತು. ಕ್ಷೌರದಂಗಡಿಯಲ್ಲಿ ಅವರಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಮರುವರ್ಷ, ಬಿಳಿಯರ ದೊಡ್ಡ ಲೀಗ್ ಕಪ್ಪು ಆಟಗಾರರಿಗೆ ಬಾಗಿಲು ತೆರೆದ ವರ್ಷ, ಆಗಸ್ಟಿನಲ್ಲಿ ಹ್ಯೂಸ್ಟನ್‌ನಲ್ಲಿ ಆಟ. ದೊಡ್ಡ ಲೀಗಿನ ಒಂದು ತಂಡದಿಂದ ಆಟಗಾರರನ್ನು ಆರಿಸಲು ಒಬ್ಬ ಬಿಳಿಯ ಬಂದು ಕೂತಿದ್ದ. ಕೊನೆಯ ಇನಿಂಗ್ಸ್, ಇನ್ನೊಬ್ಬ ಔಟಾದರೆ ಗೆಲುವು. ಇವರ ಕಡೆಗೊಂದು ಚೆಂಡು ಉರುಳಿ ಬಂತು. ಕಾಲ ಸಂದಿಯಿಂದ ಹೋಯಿತು. ಎರಡು ರನ್, ಸೋಲು. ವಾರದೊಳಗೆ, ಬ್ಯಾರೋಗೆ ಜೂಜುಕೋರರು ಹಣ ಕೊಟ್ಟಿದ್ದರಂತೆ ಎಂದು ಒಂದು ಪತ್ರಿಕೆ ಬರೆಯಿತು. ಯಾರೂ ಸಾಬೀತು ಮಾಡಲಿಲ್ಲ, ಯಾರೂ ಅಲ್ಲ ಎನ್ನಲೂ ಇಲ್ಲ. ದೊಡ್ಡ ಲೀಗಿನ ಕಾಗದ ಬರಲಿಲ್ಲ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದರು.

“ಚೆಂಡು ಪುಟಿದದ್ದು ಸರಿಯಿರಲಿಲ್ಲವಾ?” ಎಂದೆ.

“ಎಲ್ಲರಿಗೂ ಹಾಗೇ ಹೇಳ್ತಾ ಬಂದಿದ್ದೀನಿ” ಎಂದರು.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಒಂದು ಗಳಿಗೆ ಅನ್ನಿಸಿತು. ಬರೆದಿಡುತ್ತೇನೆ, ಅನ್ನಿಸಿದ್ದು ನಿಜ.


ಮಾರ್ಚ್ 23, ಭಾನುವಾರ

ವರ್ಲ್ಡ್ ಕಪ್ ಫೈನಲ್ ಸೋತೆವು. ನನ್ನವರ ಜೊತೆ ನೋಡಬೇಕಿತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ಒಬ್ಬಳಿಗೆ ಅಡುಗೆ ಮಾಡುವುದು ಬೇಸರವಾಗಿ ಅವಲಕ್ಕಿ ತಿಂದೆ. ಈ ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜಿನ ಸದ್ದು ಎಷ್ಟು ಜೋರು ಅಂತ ಮೊದಲು ಗೊತ್ತಿರಲಿಲ್ಲ.


ಏಪ್ರಿಲ್ 12, ಶನಿವಾರ

ಸಂಘದ ಯುಗಾದಿ. ನನ್ನವರು ಬಂದರು. ಹೋದರು.


ಏಪ್ರಿಲ್ 14, ಸೋಮವಾರ

ನಡೆದದ್ದನ್ನು ಬರೆಯುತ್ತೇನೆ, ಆಗಲಾದರೂ ಅರ್ಥವಾದೀತು.

ನಾನೇ ಹಟ ಮಾಡಿ ಕರೆಸಿದ್ದೆ. ರೇಷ್ಮೆ ಜುಬ್ಬ ಇಸ್ತ್ರಿ ಮಾಡಿಟ್ಟಿದ್ದೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಸಂಘದ ಕಾರ್ಯದರ್ಶಿ ವೆಂಕಟಗಿರಿ ಹಿಂದಿನಿಂದ ಬಂದು ಅವರ ಬೆನ್ನು ತಟ್ಟಿದರು. “ಕಂಗ್ರಾಟ್ಸ್ ಸಾರ್! ಪ್ರಮೋಷನ್ ಅಂತೆ! ಪಾರ್ಟಿ ಯಾವಾಗ ಕೊಡಿಸ್ತೀರಾ?” ಮೈಸೂರಿನವರು, ಮನಸ್ಸಿನಲ್ಲೇನೂ ಇಲ್ಲದ ಮನುಷ್ಯ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಂದಿಬ್ಬರು ತಟ್ಟೆ ನೋಡಿಕೊಂಡರು.

ನನ್ನವರು ನನ್ನ ಕಡೆ ನೋಡಿದರು. “ಹೌದ್ರಿ, ಕೊಡಿಸೋಣ” ಅಂದರು. ಹೋಳಿಗೆ ಮುಟ್ಟಲಿಲ್ಲ.

ಕಾರಿನಲ್ಲಿ ಕೇಳಿದರು, “ನಾ ಏನು ಕಳ್ಳತನ ಮಾಡೀನೇನು, ಮುಚ್ಚಿಡಾಕ?”

“ನಿಮ್ಮ ಮಾನ ಉಳಸಾಕ ಹೇಳಿದ್ನಿ.”

“ನನ್ನ ಮಾನ ಎಲ್ಲಿ ಹೋಗಿತ್ತು? ನಾ ತಪ್ಪು ಮಾಡೀನಿ ಅಷ್ಟ.”

ಮನೆಯ ಮುಂದೆ ನನ್ನನ್ನು ಇಳಿಸಿ ಹಾಗೆಯೇ ಹ್ಯೂಸ್ಟನ್ ದಾರಿ ಹಿಡಿದರು. ಇಷ್ಟಕ್ಕೆ ಅಷ್ಟು ಸಿಟ್ಟೇ? ಒಳ್ಳೆಯದು ಮಾಡಲು ಹೋದವಳ ಮೇಲೆ? ನನಗೂ ಸಿಟ್ಟಿದೆ. ಅವರೇ ಮೊದಲು ಫೋನ್ ಮಾಡಲಿ.


ಏಪ್ರಿಲ್ 29, ಮಂಗಳವಾರ

ಮಾಡಿಲ್ಲ.

ಮಿಸ್ಟರ್ ಬ್ಯಾರೋ ಅವರ 211 ಆಟಗಳು ಸಿಕ್ಕಿವೆ. ಆ ಒಂದು ಆಟದ ಪಟ್ಟಿ ಮಾತ್ರ ಎಲ್ಲೂ ಇಲ್ಲ. ವಾರಪತ್ರಿಕೆಯ ಆ ಪುಟವೇ ಹರಿದಿದೆ. ಪುಟ ಹರಿಯುವವರಿಗೆ ಏನು ಸಿಗುತ್ತದೋ!


ಮೇ 13, ಮಂಗಳವಾರ

ಬ್ಲೂಸ್ ತಂಡಕ್ಕೂ ಒಬ್ಬಳು ಸ್ಕೋರರ್ ಇದ್ದಳು! ಮಾಲೀಕನ ಮಗಳು, ಒಡೆಸ್ಸಾ. ಮಿಸ್ಟರ್ ಬ್ಯಾರೋ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಒಡೆಸ್ಸಾ ಹೋದ ವರ್ಷ ಆಸ್ಟಿನ್‌ನಲ್ಲಿ ತೀರಿಕೊಂಡರಂತೆ. ಡೆನೀಸ್ ಹೇಗೋ ಪತ್ತೆ ಹಚ್ಚಿ ಪತ್ರ ಬರೆದಿದ್ದಳು, ಅವರ ಮಗಳ ಉತ್ತರ ಬಂದಿದೆ. ಅಟ್ಟದ ಪೆಟ್ಟಿಗೆಯಲ್ಲಿ ಸ್ಕೋರ್ ಪುಸ್ತಕಗಳಿವೆ, ಬಂದು ನೋಡಬಹುದು, ಆದರೆ ಮನೆಯಿಂದ ಹೊರಗೆ ಕೊಡುವುದಿಲ್ಲ.

ಡೆನೀಸ್‌ಗೆ ರಜೆ ಇಲ್ಲ. ಮಿಸ್ಟರ್ ಬ್ಯಾರೋಗೆ ಕಣ್ಣಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು, ಒಬ್ಬರು ಮುಖದ ಕಡೆ, ಒಬ್ಬರು ಕಿವಿಯ ಕಡೆ.

“ಒಡೆಸ್ಸಾ ಬರೆದಿದ್ದರೆ ಸರಿಯಾಗೇ ಬರೆದಿರ್ತಾಳೆ” ಎಂದರು ಅವರು. ಟೋಪಿ ಸರಿಮಾಡಿಕೊಂಡು, “ಆ ಡಿಸೆಂಬರಿನಲ್ಲಿ ನಮ್ಮ ಮದುವೆ ಆಗಬೇಕಿತ್ತು. ಅಕ್ಟೋಬರಿನಲ್ಲಿ ಆಸ್ಟಿನ್ನಿಗೆ ಹೋದಳು. ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.”


ಮೇ 24, ಶನಿವಾರ

ಬೆಳಿಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ಆಸ್ಟಿನ್. ಕೊನೆಗೂ ಫ್ರೀವೇ ಹತ್ತಿದೆ, ದಾರಿಯುದ್ದಕ್ಕೂ ಲಾರಿಗಳು. ಮಿಸ್ಟರ್ ಬ್ಯಾರೋ ಪಕ್ಕದಲ್ಲಿ ಕೂತು ಹಾಡು ಗುನುಗುತ್ತಿದ್ದರು.

ಮಗಳು ಒಳ್ಳೆಯ ಹೆಂಗಸು. ಊಟದ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ತಂಪು ಚಹಾ ಕೊಟ್ಟು ಒಳಗೆ ಹೋದಳು. ಒಡೆಸ್ಸಾ ಅವರ ಪುಸ್ತಕ ತೆರೆದೆ. ಇಷ್ಟು ಚೆಂದದ ಬರಹ ಅಪ್ಪನದ್ದೂ ಅಲ್ಲ. ಪೆನ್ಸಿಲ್ಲು, ಸಣ್ಣ ಅಂಕಿ, ಪುಟದ ಕೆಳಗೆ ಮೊತ್ತ. ನನಗೆ ಗೊತ್ತಿಲ್ಲದೆ ಕಣ್ಣು ತುಂಬಿತು. ಹದಿನೈದು ವರ್ಷದಿಂದ ನಾನು ಒಂದು ಆಟವನ್ನೂ ಎದುರಿಗೆ ಕೂತು ಬರೆದಿಲ್ಲ.

ಆಗಸ್ಟ್ 1947, ಹ್ಯೂಸ್ಟನ್. ಬ್ಯಾಟ್ ಹಿಡಿದ ಒಬ್ಬೊಬ್ಬನಿಗೂ ಒಂದು ಚೌಕ; ಕೊನೆಯ ಇನಿಂಗ್ಸ್, ಕೊನೆಯ ಚೌಕ. ಬ್ಯಾರೋ ಅವರ ಜಾಗ ಎರಡನೇ ಬೇಸ್, ಅದನ್ನು ಕಾಯುವವನ ಸಂಖ್ಯೆ ನಾಲ್ಕು. ಅವನು ತಪ್ಪು ಮಾಡಿದರೆ ಎರರ್ ಎಂಬುದರ ‘ಇ’ ಬರೆದು ಪಕ್ಕದಲ್ಲಿ ನಾಲ್ಕು ಬರೆಯಬೇಕು. ಅಲ್ಲಿ ‘ಇ’ ಇರಲಿಲ್ಲ. ‘ಹಿಟ್’ ಎಂದಿತ್ತು. ಅಂದರೆ ಯಾರಿಂದಲೂ ಹಿಡಿಯಲಾಗದ ಚೆಂಡು, ಬ್ಯಾರೋ ಅವರದೇನೂ ತಪ್ಪಿಲ್ಲ.

ಕೂಗಿಬಿಡಬೇಕೆಂದುಕೊಂಡೆ. ಆದರೆ ಚಟ ಕೇಳಬೇಕಲ್ಲ. ಕೆಳಗಿನ ಮೊತ್ತ ತಾಳೆ ನೋಡಿದೆ. ಬ್ಲೂಸ್ ತಂಡದ ತಪ್ಪುಗಳು: ಮೂರು. ಚೌಕಗಳಲ್ಲಿ ಎಣಿಸಿದೆ: ಎರಡು. ಮತ್ತೆ ಎಣಿಸಿದೆ, ಎರಡೇ. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕೊನೆಯ ಚೌಕದಲ್ಲಿ ಕಾಗದ ಜುಂಗೆದ್ದಿತ್ತು. ರಬ್ಬರಿನಿಂದ ಉಜ್ಜಿ ಮೇಲೆ ಬರೆದದ್ದು. ಮೊತ್ತ ಬದಲಿಸಲು ಮರೆತಿದ್ದಾರೆ.

ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಮಿಸ್ಟರ್ ಬ್ಯಾರೋಗೆ ಕಾಣುವುದಿಲ್ಲ. ಸಮಿತಿಯವರಾರೂ ಇಲ್ಲಿಗೆ ಬರುವುದಿಲ್ಲ. ಓದಿದವಳು ನಾನೊಬ್ಬಳೇ.

“ಹಿಟ್ ಅಂತ ಬರೆದಿದ್ದಾರೆ” ಎಂದೆ. “ನಿಮ್ಮ ತಪ್ಪಿಲ್ಲ.”

ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ.

“ಹಿಟ್?” ಎಂದರು. “ಒಡೆಸ್ಸಾ ಹಾಗೆ ಬರೆಯೋಳಲ್ಲ. ನನ್ನ ಬೆರಳು ಅಲ್ಲಿಡಿ.”

ಇಟ್ಟೆ. ಬೇರೆ ಚೌಕದ ಮೇಲಿಡಬಹುದಿತ್ತು, ಹೊಳೆಯಲೇ ಇಲ್ಲ. ಅವರು ಬೆರಳಿನಿಂದ ಆ ಜಾಗ ಸವರಿದರು, ಪಕ್ಕದ ಚೌಕ ಸವರಿದರು, ಮತ್ತೆ ಆ ಜಾಗ. ಬಹಳ ಹೊತ್ತು.

“ಅವಳೂ ನಂಬಿದ್ದಳು” ಎಂದರು. “ನಾನು ಹಣ ತಿಂದಿದ್ದೀನಿ ಅಂತ ನಂಬಿದ್ದಕ್ಕೇ ಅಳಿಸಿದ್ದು. ಬರೀ ಚೆಂಡು ಬಿಟ್ಟವನಾಗಿದ್ದರೆ ಅಳಿಸೋದು ಯಾಕೆ?”

ನಾನು ಏನೋ ಹೇಳಲು ಹೋದೆ. ಅವರು ನನ್ನ ಕಿವಿಯ ಕಡೆ ತಿರುಗಿದರು.

“ನಿಮಗೆ ಕಂಡಿತ್ತು ಅಲ್ವಾ ಸ್ಕೋರರ್? ಕಂಡೂ ಹಿಟ್ ಅಂದಿರಿ. ನೀವೂನಾ?”


ಮೇ 25, ಭಾನುವಾರ

ನಿನ್ನೆ ಅಲ್ಲಿಗೇ ನಿಲ್ಲಿಸಿದ್ದೆ, ಕೈ ಓಡಲಿಲ್ಲ.

ವಾಪಸು ಬರುವಾಗ ವೇಕೋ ಊರು ದಾಟಿದೆವು. ಆಮೇಲೆ ಅವರೇ ಹೇಳಿದರು.

“ಚೆಂಡು ಸರಿಯಾಗೇ ಪುಟಿದಿತ್ತು. ಸುಲಭದ ಚೆಂಡು. ನಿದ್ದೆಯಲ್ಲೂ ಹಿಡೀತಿದ್ದೆ. ಕೈಗೆ ಬಂದೇಬಿಡ್ತು ಅಂದ್ಕೊಂಡು ತಲೆ ಎತ್ತಿದೆ. ಆ ಬಿಳಿಯ ಎಲ್ಲಿ ಕೂತಿದ್ದಾನೆ ಅಂತ ಗೊತ್ತಿತ್ತಲ್ಲ, ನನ್ನ ನೋಡ್ತಿದ್ದಾನಾ ಅಂತ ನೋಡಿದೆ. ಅಷ್ಟೇ. ಅಷ್ಟರಲ್ಲಿ ಹೋಗಿತ್ತು.”

“ಮತ್ತೆ ಯಾಕೆ ಪುಟಿತ ಸರಿಯಿರಲಿಲ್ಲ ಅಂದಿರಿ?”

“ನೋಡಿ, ಬಿಳಿಯ ಆಟಗಾರ ಚೆಂಡು ಬಿಟ್ಟರೆ ‘ಇ’ ಬರೀತಾರೆ, ಮುಂದಿನ ಚೆಂಡು ಹಾಕ್ತಾರೆ. ನಾನು ಬಿಟ್ಟರೆ ಎಷ್ಟು ಕೊಟ್ಟರು ಅಂತ ಕೇಳ್ತಾರೆ. ಬರೀ ತಪ್ಪು ಮಾಡೋದಕ್ಕೆ ನಮಗೆ ಅವಕಾಶ ಎಲ್ಲಿತ್ತು? ಕೊನೆಗೆ ನಾನೂ ಸುಳ್ಳು ಹೇಳಿದೆ.” ಕಿಟಕಿಯ ಕಡೆ ತಿರುಗಿದರು. “ನೀವು ಸಮಿತಿಗೆ ಕಂಡದ್ದನ್ನೇ ಬರೀಬೇಕು. ನನ್ನ ತಪ್ಪು ನನಗೆ ವಾಪಸ್ ಕೊಡಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಅವರು ಮುಟ್ಟಿಕೊಳ್ಳಲಿಲ್ಲ. ಅವರ ಹೆಗಲನ್ನು ಒರೆಸಲು ಹೋದವರು ನಾವಿಬ್ಬರು, ಒಡೆಸ್ಸಾ ಮತ್ತು ನಾನು.

ಅವರನ್ನು ಮನೆಗೆ ಬಿಟ್ಟು ಎಲ್‌ಬಿಜೆ ಫ್ರೀವೇ ಮೇಲೆ ಬರುವಾಗ ಯುಗಾದಿಯ ದಿನ ಕಾರಿನಲ್ಲಿ ನನ್ನವರು ಆಡಿದ ಮಾತು ನೆನಪಾಯಿತು. ಅದೇ ಮಾತು, ಬೇರೆ ಬಾಯಿ. ನಾನು ಇಳಿಯಬೇಕಾದ ಎಕ್ಸಿಟ್ ತಪ್ಪಿ ಎರಡು ಮೈಲಿ ಮುಂದೆ ಹೋಗಿ ತಿರುಗಿ ಬಂದೆ.


ಮೇ 27, ಮಂಗಳವಾರ

ಸಮಿತಿಗೆ ಕಾಗದ ಬರೆದೆ. ಡೆನೀಸ್ ಟೈಪ್ ಮಾಡಿದಳು. ಸಾರಾಂಶ ಇಷ್ಟು: ಆ ಚೌಕದಲ್ಲಿ ಮೊದಲು ಬರೆದದ್ದು ಎರಡನೇ ಬೇಸ್ ಕಾಯುವವನ ತಪ್ಪು. ಬರೆದವರೇ ಆಮೇಲೆ ಅಳಿಸಿ ಹಿಟ್ ಎಂದು ಮಾಡಿದ್ದಾರೆ. ಮೊತ್ತದಿಂದ ಇದು ಖಚಿತ. ಪುಸ್ತಕದಲ್ಲಿ ಹಣದ ಕುರುಹಿಲ್ಲ, ಮೋಸದ ಕುರುಹಿಲ್ಲ. ಇರುವುದು ಒಂದು ತಪ್ಪು. ತಪ್ಪನ್ನು ಬರೆಯಲು ಈ ಆಟದಲ್ಲಿ ಒಂದು ಅಂಕಣವಿದೆ. ಅದು ಅಲ್ಲಿಗೆ ಸೇರಬೇಕಾದದ್ದು.

ಡೆನೀಸ್ ಓದಿ, “ಇದರಿಂದ ಅವರಿಗೆ ಒಳ್ಳೆಯದಾಗುತ್ತೋ ಕೆಟ್ಟದ್ದೋ?” ಎಂದಳು.

ಗೊತ್ತಿಲ್ಲ ಎಂದೆ. ಸಹಿ ಹಾಕಿದೆ.


ಜೂನ್ 3, ಮಂಗಳವಾರ

ತೀರ್ಮಾನ ಬಂದಿಲ್ಲ. ಮಿಸ್ಟರ್ ಬ್ಯಾರೋ ಇವತ್ತು ಲೈಬ್ರರಿಗೆ ಬರಲಿಲ್ಲ. ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂತು ಪತ್ರಿಕೆ ಓದುತ್ತಿದ್ದರು. ನನಗೆ ಅಳು ಬಂತು. ಅಷ್ಟಕ್ಕೆಲ್ಲ ಅಳು ಯಾಕೆ ಎಂದು ಕೇಳುವವರೂ ಇಲ್ಲ.


ಜೂನ್ 7, ಶನಿವಾರ

ಸಮಿತಿ ಮೂರು ಗಂಟೆ ಜಗಳಾಡಿತಂತೆ. ಅಳಿಸಿದ್ದಾರೆ ಎಂದರೆ ಏನೋ ಇತ್ತು ಎಂದೇ ಅರ್ಥ ಎಂದರಂತೆ ಮೂವರು. ಆಗ ಮಿಸ್ಟರ್ ಬ್ಯಾರೋ ಎದ್ದು ನಿಂತು, ಅವತ್ತು ತಲೆ ಎತ್ತಿ ನೋಡಿದ ಕಥೆಯನ್ನು ಅವರೆದುರು ಹೇಳಿದರು. ಐವತ್ತಾರು ವರ್ಷದಲ್ಲಿ ನಾಲ್ಕು ಜನರೆದುರು ಮೊದಲ ಸಲ. ಮೂರಕ್ಕೆ ನಾಲ್ಕು ಮತ. ಹೆಸರು ಬೀಳುತ್ತದೆ.

ಫೋನಿನಲ್ಲಿ ಡೆನೀಸ್ ಅಳುತ್ತಿದ್ದಳು. ನಾನೂ ಅತ್ತೆ. ಆಮೇಲೆ ಯಾರಿಗೆ ಹೇಳಲಿ ಎಂದು ಫೋನ್ ಹಿಡಿದು ಕೂತೆ. ದ ವುಡ್‌ಲ್ಯಾಂಡ್ಸ್ ನಂಬರ್ ಅರ್ಧ ಒತ್ತಿ ಇಟ್ಟೆ.


ಜೂನ್ 14, ಶನಿವಾರ

ಕಮಲವ್ವ ಆಂಟಿಯ ಮನೆಗೆ ಹೋಗಿದ್ದೆ. ರೊಟ್ಟಿ ಬಡಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ. “ಆಂಟಿ, ಅವರಿಗೆ ಪ್ರಮೋಷನ್ ಆಗಿಲ್ಲ. ಒಂದು ಫೈಲ್ ಎರಡು ಸಲ ಓಡಿಸ್ಯಾರ. ತಪ್ಪಾಗ್ಯದ. ಕಂಪನಿಯೊಳಗ ಮೂಲಿಗೆ ಕೂಡಿಸ್ಯಾರ. ನಾ ಸುಳ್ಳು ಹೇಳಿದ್ನಿ.”

ಅವರ ಕೈ ನಿಲ್ಲಲಿಲ್ಲ. “ಗೊತ್ತದವಾ” ಎಂದರು. “ಜನವರಿಗೇ ಗೊತ್ತಿತ್ತು ಎಲ್ಲಾರಿಗೂ. ವೆಂಕಟಗಿರಿ ಒಬ್ಬಾಂವಗ ಗೊತ್ತಿರಲಿಲ್ಲ, ಪಾಪ. ತಪ್ಪು ಆಗ್ಯದ ಅಂತಷ್ಟ ತಿಳಕೊಂಡಿದ್ವಿ. ನೀ ಪ್ರಮೋಷನ್ ಅಂದಿ ನೋಡು, ಆವಾಗ ಜನಾ ಮಾತಾಡಾಕತ್ತಿದ್ರು. ಇನ್ನೂ ಏನೋ ದೊಡ್ಡದ ಇರಬೇಕು, ಇಲ್ಲಂದ್ರ ಈಕಿ ಯಾಕ ಮುಚ್ಚತಾಳ ಅಂತ.”

ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ನಾಲ್ಕು ರೊಟ್ಟಿ ತಿಂದೆ, ನಾಚಿಕೆಯಿಲ್ಲದೆ.


ಜೂನ್ 19, ಗುರುವಾರ

ಮೈದಾನದ ತುಂಬ ಜನ. ಬಾರ್ಬೆಕ್ಯೂ ಹೊಗೆ, ಕೆಂಪು ಸೋಡಾ, ಚರ್ಚಿನ ಹಾಡು. ಸೀರೆ ಉಟ್ಟವಳು ನಾನೊಬ್ಬಳೇ. ಮಿಸ್ಟರ್ ಬ್ಯಾರೋ ಸೂಟು ಹಾಕಿದ್ದರು. ಆಸ್ಟಿನ್‌ನಿಂದ ಒಡೆಸ್ಸಾ ಅವರ ಮಗಳೂ ಬಂದಿದ್ದಳು. ಅವಳ ಕೈಯನ್ನು ಅವರು ಬಹಳ ಹೊತ್ತು ಬಿಡಲಿಲ್ಲ.

ಪರದೆ ಸರಿಸಿದರು. ಹತ್ತೊಂಬತ್ತು ಹೆಸರು. ಪ್ರತಿ ಹೆಸರಿನ ಕೆಳಗೆ ಆಡಿದ ವರ್ಷಗಳು, ಹೊಡೆದ ಹಿಟ್‌ಗಳು. ಒಂದು ಹೆಸರಿನ ಕೆಳಗೆ ಮಾತ್ರ ಇನ್ನೊಂದು ಸಾಲು. ಕೆತ್ತುವವನ ಹತ್ತಿರ ಅವರೇ ಹೋಗಿ ಹೇಳಿ ಹಾಕಿಸಿದ್ದಂತೆ. ಕೆತ್ತುವವನು ಹುಚ್ಚು ಮುದುಕ ಎಂದುಕೊಂಡಿರಬೇಕು.

ಅವರ ಬೆರಳು ಹಿಡಿದು ಕಲ್ಲಿನ ಮೇಲಿಟ್ಟೆ. ನಾನು ಓದಿದೆ, ಅವರು ಸವರಿದರು. ಕ್ಲಿಯೋಟಿಸ್ ಬ್ಯಾರೋ, ಎರಡನೇ ಬೇಸ್. ಹಿಟ್: 274. ತಪ್ಪು: 43.

“ನಲವತ್ತಮೂರು ಸರಿಯಾಗಿದೆಯಾ ಸ್ಕೋರರ್?”

“ತಾಳೆ ನೋಡಿದ್ದೇನೆ. ಅದೂ ಸೇರಿ.”

“ನಲವತ್ತಮೂರರಲ್ಲಿ ಒಂದು” ಎಂದರು. ಮತ್ತೊಮ್ಮೆ ಸವರಿದರು. “ಅಷ್ಟೇ ಅದು.”

ಮನೆಗೆ ಬಂದು, ಸೀರೆ ಕೂಡ ಬದಲಿಸದೆ ಫೋನ್ ಮಾಡಿದೆ. ಎತ್ತಿದರು.

“ಕಮಲವ್ವ ಆಂಟಿಗೆ ಇದ್ದದ್ದು ಇದ್ಹಂಗ ಹೇಳಿ ಬಂದೀನ್ರಿ.”

“ಏನಂದ್ರು?”

“ಜನವರಿಗೇ ಗೊತ್ತಿತ್ತಂತ.”

ನಕ್ಕರು. ಆ ನಗು ಕೇಳಿ ಐದು ತಿಂಗಳಾಗಿತ್ತು. ಹಾಗಾಗಿ ಧೈರ್ಯ ಬಂದು ಕೇಳಿದೆ, “ಅವತ್ತು ಏನಾತು? ಎರಡು ಸಲ ಹೆಂಗ ಓಡಿತು?”

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು.

“ಐದು ತಿಂಗಳಾತು” ಎಂದರು. “ಎಲ್ಲಾರೂ ಕೇಳ್ಯಾರ. ನೀ ಇವತ್ತ ಕೇಳಿದಿ.”

ಆಮೇಲೆ ಹೇಳಿದರು. “ಶುಕ್ರವಾರ ಇತ್ತಲ್ಲ. ಮೂರಕ್ಕ ಹೊರಟ್ರ ಟ್ರಾಫಿಕ್ ಸಿಗೂದಿಲ್ಲ. ಫೈಲ್ ಹಾಕಿದ್ನಿ, ಸ್ಕ್ರೀನ್ ನಿಂತ್ ಬಿಡ್ತು. ಹೋತೋ ಇಲ್ಲೋ ಕಾದು ನೋಡಬೇಕಾಗಿತ್ತು. ಹತ್ತು ನಿಮಿಷದ ಕೆಲಸ. ಗಡಿಯಾರ ನೋಡಿದ್ನಿ. ಮತ್ತೊಮ್ಮೆ ಒತ್ತಿ, ಬ್ಯಾಗ್ ತಗೊಂಡು ಓಡಿದ್ನಿ. ಮಿರ್ಚಿ ಮಾಡ್ತೀನಿ ಅಂದಿದ್ದಿ ಅಲ್ಲ ನೀನು.”

ನನಗೆ ಆ ಸಂಜೆ ನೆನಪಾಯಿತು. ಬಾಗಿಲು ತೆರೆದು, ಇವತ್ತು ಎಷ್ಟು ಲಗೂ ಬಂದ್ರಿ ಎಂದು ಹಿಗ್ಗಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಆಮೇಲೆ ಅವರೇ, ನಾಳೆ ಬರಲೇನು ಎಂದು ಕೇಳಿದರು.

ಮೇಲೆ ಮೇ 25ರ ಪುಟದಲ್ಲಿ ‘ಅವರ ಹೆಗಲನ್ನು ಒರೆಸಲು ಹೋದವರು ನಾವಿಬ್ಬರು’ ಎಂದು ಬರೆದಿದ್ದೇನೆ. ಅಲ್ಲಿ ‘ಅವರ’ ಎನ್ನುವುದಕ್ಕೆ ಈಗ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಬ್ಯಾರೋ ಅವರ, ಭೀಮಸೇನರ’ ಎಂದು ಬರೆದು ಸಹಿ ಹಾಕಿದೆ. ಕೆಳಗಿನದು ಓದಲು ಬರುತ್ತದೆ.

ನಾಳೆ ಶುಕ್ರವಾರ. ಮೂರಕ್ಕೆ ಓಡಿ ಬರಬೇಡಿ, ಕೆಲಸ ಮುಗಿಸಿ ನಿಧಾನಕ್ಕೆ ಬನ್ನಿ ಎಂದಿದ್ದೇನೆ. ಎಷ್ಟು ಹೊತ್ತಾದರೂ ಸರಿ, ನೀವು ಬಂದ ಮೇಲೆಯೇ ಎಣ್ಣೆ ಕಾಯಲು ಇಡುತ್ತೇನೆ ಎಂದೆ.